ಮುಂದಿನ ಕೋಣೆಯಲ್ಲಿ ಇದ್ದವಳು

೬ ಜನವರಿ ೨೦೨೫, ಸೋಮವಾರ

ಇವತ್ತು ಏಳು ಮನೆ ಹಾಳೆ. ನಾಲ್ಕು ಶಾರ್ಜಾ, ಎರಡು ದೋಹಾ, ಒಂದು ಡಬ್ಲಿನ್. ಬೆರಳು ನೋಯುತ್ತಿವೆ.

ಮನೆ ಹಾಳೆ ಅನ್ನುವುದು, ಜನರನ್ನು ಕೆಲಸಕ್ಕೆ ಹೊರದೇಶಕ್ಕೆ ಕಳಿಸುವ ನಮ್ಮ ಆಫೀಸಿನ ಮಾತು. ಬಾಹರ್ ಹೋಗುವವರಿಗೆ, ಅಂದರೆ ದೇಶ ಬಿಟ್ಟು ಹೋಗುವವರಿಗೆ, ಕೊಡುವ ಎರಡು ಪುಟ. ಬಾಡಿಗೆ ಎಷ್ಟು, ಮಸೀದಿ ಎಷ್ಟು ದೂರ, ಹಲಾಲ್ ಅಂಗಡಿ ಎಲ್ಲಿ, ನಮಾಜಿಗೆ ಮುಖ ಮಾಡುವ ಕಿಬ್ಲಾ ಯಾವ ಕಡೆ. ಕಲಬುರಗಿ, ಬೀದರ, ರಾಯಚೂರಿನ ಮುಸ್ಲಿಂ ಹುಡುಗ ಹುಡುಗಿಯರು. ಮಾತಾಡುವುದು ಉರ್ದು, ಓದಿದ್ದು ಸರಕಾರಿ ಕನ್ನಡ ಶಾಲೆ. ಅದಕ್ಕೇ ಕನ್ನಡದ ಹಾಳೆ. ಅದಕ್ಕೇ ನನಗೆ ಈ ಕೂಲಿ.

ಡಬ್ಲಿನ್‌ನದು ಬರೆಯುವಾಗ ಎರಡು ಸಲ ಲೆಕ್ಕ ಹಾಕಿದೆ. ಒಂದೇ ಕೋಣೆ, ಅಡುಗೆಮನೆ ಇನ್ನಿಬ್ಬರ ಜೊತೆ, ತಿಂಗಳಿಗೆ ಒಂಬೈನೂರು ಯೂರೋ. ಎಂಬತ್ತು ಸಾವಿರ! ಬರೆದೆ: ಮನೆ ಕಣ್ಣಾರೆ ನೋಡದೆ ಮುಂಗಡ ಕಳಿಸಬೇಡಿ. ಬಚ್ಚಲ ನೆಲಕ್ಕೆ ನೀರು ಚೆಲ್ಲಬೇಡಿ, ಅಲ್ಲಿ ನೆಲಕ್ಕೆ ಮೋರಿ ಇರುವುದಿಲ್ಲ. ಒಗ್ಗರಣೆ ಹಾಕುವಾಗ ಕಿಟಕಿ ತೆರೆಯಿರಿ, ಹೊಗೆಗೆ ಅಲಾರಂ ಕೂಗುತ್ತದೆ. ಕಿಬ್ಲಾ ಪಶ್ಚಿಮ, ಪಶ್ಚಿಮದ ಗೋಡೆ ಖಾಲಿ ಇರುವ ಕೋಣೆ ಆರಿಸಿ. ಹಿಂದಿನ ಮನೆ ಮಾಲೀಕರ ಪತ್ರ ಕಡ್ಡಾಯ.

ಕೊನೆಗೊಂದು ಸಾಲು ಸೇರಿಸಿದ್ದೆ: "ಹೆಸರು ಕೇಳಿ ಮನೆ ಇಲ್ಲವೆಂದರೆ ತಪ್ಪು ನಿಮ್ಮದಲ್ಲ, ಅವರದು." ಪ್ರಾಣೇಶ ಹೊಡೆದು ಹಾಕಿದರು. ಆಫೀಸಿನ ಮಾಲೀಕರು, ರಾಯಚೂರಿನವರು.

"ಇದು ಸಲಹಾ ಹಾಳಿ ಐತ್ರಿ ಮೇಡಮ್. ನಿಮ್ಮ ಚಳವಳಿ ಭಾಷಣ ಅಲ್ಲ."

ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ?

೮ ಜನವರಿ, ಬುಧವಾರ

ಡಬ್ಲಿನ್ ಹಾಳೆಯವಳು ಬಂದಳು. ಸಾಬೇರಾ. ಶಹಾಬಾದಿನವಳು, ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆದವನ ಮಗಳು, ನರ್ಸು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ಹಾಳೆಯನ್ನು ನಿಂತಲ್ಲೇ ಪೂರ್ತಿ ಓದಿದಳು. ಹಾಗೆ ಓದಿದವರನ್ನು ನೋಡಿದ್ದು ಇದೇ ಮೊದಲು. ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಅಕ್ಕಾರ, ಹಿಂದಿನ ಮಾಲೀಕರ ಪತ್ರ ಅಂತ ಬರ್ದೀರಿ. ಎಲ್ಲಿಂದ ತರ್ಲಿ?"

"ಈಗ ಎಲ್ಲಿ ಇದ್ದಿ?"

"ಇಲ್ಲೇ ಹಾಸ್ಟೆಲ್‌ನ್ಯಾಗ. ಒಂದು ಕೋಣಿಗಿ ಆರು ಮಂದಿ. ರಸೀದಿ ಇಲ್ಲ, ರಿಜಿಸ್ಟರ್‌ನ್ಯಾಗ ಹೆಸರೂ ಇಲ್ಲ."

"ಮನಿ ಹುಡುಕಲಿಲ್ಲೇನು?"

"ಹದಿನಾಕು ನೋಡೀನ್ರಿ. ಫೋನ್‌ನ್ಯಾಗ ಎಲ್ಲಾ ಖಾಲಿ ಇರ್ತಾವ. ಹೆಸರು ಹೇಳಿದ ಕೂಡ್ಲೆ ತುಂಬ್ತಾವ. ನನ್ನ ಹೆಸರಿನ್ಯಾಗ ಎಷ್ಟು ಮಂದಿ ಕುಂತಾರೋ ಏನೋ!"

ತಾನೇ ನಕ್ಕಳು. ಆಮೇಲೆ ಮೆಲ್ಲಗೆ:

"ನಿಮ್ಮ ಮನ್ಯಾಗ ಮುಂದಿನ ಕೋಣಿ ಖಾಲಿ ಅದ ಅಂತ ಪ್ರಾಣೇಶ ಸರ್ ಅಂದ್ರು. ಹೋಗೋತನ ಇರ್ತೀನಿ ಅಕ್ಕಾರ. ಬಾಡಿಗಿ ಕೊಡ್ತೀನಿ. ನನಗ ಬೇಕಾದ್ದು ಒಂದು ಚೀಟಿ. ಇಕಿ ನಮ್ಮ ಮನ್ಯಾಗ ಇದ್ಲು ಅಂತ."

"ನೋಡ್ತೀನಿ ತಂಗಿ" ಅಂದೆ.

ನೋಡ್ತೀನಿ! ಹದಿನಾಲ್ಕು ಮಾಲೀಕರೂ ಇದನ್ನೇ ಹೇಳಿರಬೇಕು.

೯ ಜನವರಿ. ಸಂಜೆ

ನಮ್ಮೂರಿಂದ ದೂರ, ತೆಲುಗು ಶಹರದ ತಾರ್ನಾಕ ಬಡಾವಣೆಯ ಈ ಎರಡನೇ ಮಹಡಿ. ಮೂರು ವರ್ಷವಾಯಿತು. ಒಳಗೊಂದು ಕೋಣೆ, ಅಡುಗೆಮನೆ, ಬಚ್ಚಲು. ಹೊರಗೆ ಮೆಟ್ಟಿಲ ಪಕ್ಕ ಬೇರೆ ಬಾಗಿಲಿರುವ ಮುಂದಿನ ಕೋಣೆ. ನಲ್ಲಿ ಇಲ್ಲ, ಒಂದು ಕಿಟಕಿ. ಅದರಲ್ಲಿ ಚಳವಳಿಯ ಬ್ಯಾನರುಗಳ ಗಂಟು, ನನ್ನ ಹಲಗೆ. ಚರ್ಮ ಸಡಿಲಾಗಿದೆ. ಯಾರು ಬಾರಿಸುತ್ತಾರೆ ಈಗ.

ಕೆಳಗೆ ಮಾಲೀಕರು. ರವಿಶಂಕರ್, ಬೀದರ ಕಡೆಯವರು, ಕುಷಾಯಿಗೂಡದ ಕಾರ್ಖಾನೆಯಿಂದ ರಿಟೈರ್ ಆದವರು. ಹೆಂಡತಿ ವಿಜಯಶ್ರೀ. ಮನೆ ಕೇಳಲು ಬಂದ ದಿನ ಚಹಾ ಕೊಟ್ಟರು. ಹೆಸರು ಕೇಳಿದರು. ಶಿವದೇವಿ ಅಂದೆ. ಮುಖ ಅರಳಿತು.

"ಅಂದ್ರ ನಮ್ಮವರೇನ್ರಿ?"

ಚಿತ್ತಾಪುರ ತಾಲೂಕಿನ ಹೊಲಗೇರಿಯವಳು ನಾನು. ಬೀದಿಯಲ್ಲಿ ಹಲಗೆ ಬಾರಿಸಿ, ಜಾತಿ ಕೇಳುವವನ ಮುಖಕ್ಕೆ ಜಾತಿ ಹೇಳಿ ಎಂದು ಹುಡುಗಿಯರಿಗೆ ಕಲಿಸಿದವಳು. ಆ ದಿನಕ್ಕೂ ಮೊದಲು ಎರಡು ತಿಂಗಳು ಮನೆಗಾಗಿ ಅಲೆದಿದ್ದೆ.

"ಹೂಂ ರಿ" ಅಂದೆ.

ಅಷ್ಟೇ. ಒಂದು ಹೂಂ. ಅದರ ಮೇಲೆ ಮೂರು ವರ್ಷದಿಂದ ಮಲಗುತ್ತಿದ್ದೇನೆ. ಬಾಬಾಸಾಹೇಬರ ಫೋಟೋ ಅಲಮಾರಿಯೊಳಗೆ, ಸೀರೆಗಳ ಹಿಂದೆ, ಗೋಡೆಗೆ ಮುಖ ಮಾಡಿ.

ಸಾಬೇರಾಳನ್ನು ಕರೆತಂದರೆ ಅವಳ ಹೆಸರು ಕೇಳುತ್ತಾರೆ. ಆಮೇಲೆ ನನ್ನದನ್ನೂ ಇನ್ನೊಮ್ಮೆ ಕೇಳುತ್ತಾರೆ.

ಥೂ ಶಿವದೇವಿ.

೧೭ ಜನವರಿ, ಶುಕ್ರವಾರ

ಕೋಣೆ ಕೊಡಲಿಲ್ಲ. ಪತ್ರ ಕೊಟ್ಟೆ, ಇಂಗ್ಲಿಷಿನಲ್ಲಿ.

ಸಾಬೇರಾ ಎಂಬವರು ಸೆಪ್ಟೆಂಬರಿನಿಂದ ನಮ್ಮ ಮುಂದಿನ ಕೋಣೆಯಲ್ಲಿ ಇದ್ದಾರೆ. ಬಾಡಿಗೆ ತಪ್ಪಿಸಿಲ್ಲ. ಇಷ್ಟು ಸಾಕಿತ್ತು. ಕೈ ನಿಲ್ಲಲಿಲ್ಲ. ನಸುಕಿನಲ್ಲಿ ಏಳುತ್ತಾರೆ, ನೀರು ಹದವಾಗಿ ಬಳಸುತ್ತಾರೆ. ಚಪ್ಪಲಿಯನ್ನು ಹೊಸ್ತಿಲ ಎಡಕ್ಕೆ ಜೋಡಿಸಿ ಇಡುತ್ತಾರೆ. ಕಿಟಕಿಯಲ್ಲಿ ಎಣ್ಣೆ ಡಬ್ಬಿಯಲ್ಲಿ ಪುದೀನ ಬೆಳೆಸಿದ್ದಾರೆ.

ಮೂವತ್ತು ವರ್ಷ ಕರಪತ್ರ ಬರೆದೆ. ಇದ್ದದ್ದನ್ನೇ ಇದೆ ಎಂದು ಬರೆದೆ. ಇಲ್ಲದ್ದನ್ನು ಇದೆ ಎಂದು ಬರೆದದ್ದು ಇದೇ ಮೊದಲು. ಬರೆದು ಓದಿದರೆ ನಿಜವೇ ಅನ್ನಿಸಿತು.

ಪತ್ರದ ನಮೂನೆಯಲ್ಲಿ ಕಟ್ಟಡದ ಮಾಲೀಕರ ಫೋನ್ ನಂಬರಿಗೆ ಒಂದು ಕಾಲಂ. ಖಾಲಿ ಬಿಡುವಂತಿಲ್ಲ. "ಬರೀರಿ ಮೇಡಮ್, ಯಾರೂ ಫೋನ್ ಮಾಡಂಗಿಲ್ಲ" ಅಂದರು ಪ್ರಾಣೇಶ. ರವಿಶಂಕರ್ ನಂಬರು ಬರೆದೆ.

ಸಾಬೇರಾ ಪತ್ರ ಓದಿದಳು. ಪುದೀನದ ಸಾಲಿಗೆ ಬಂದು ನಿಂತಳು.

"ಅಕ್ಕಾರ, ನಾ ಶಹಾಬಾದಿನ್ಯಾಗ ಖರೇನ ಡಬ್ಬ್ಯಾಗ ಪುದೀನ ಹಚ್ಚಿದ್ದೆ. ನಿಮಗ ಹ್ಯಾಂಗ ಗೊತ್ತು?"

ಗೊತ್ತಿರಲಿಲ್ಲ.

೨ ಫೆಬ್ರವರಿ

ಹೋದಳು. ಏರ್‌ಪೋರ್ಟಿಗೆ ನಾನು ಹೋಗಲಿಲ್ಲ. ಮಾರ್ಚ್ ಹದಿನಾರರವರೆಗೆ ಆಸ್ಪತ್ರೆಯೇ ಇರಲು ಜಾಗ ಕೊಡುತ್ತದಂತೆ. ಅಷ್ಟರಲ್ಲಿ ಅವಳು ಮನೆ ಹಿಡಿಯಬೇಕು. ಸಿಗದಿದ್ದರೆ... ಹಾಳೆಯಲ್ಲಿ ಅದಕ್ಕೆ ಸಲಹೆ ಇಲ್ಲ.

೧೧ ಫೆಬ್ರವರಿ, ಮಂಗಳವಾರ

ಮಧ್ಯಾಹ್ನ ಎರಡು ಗಂಟೆ. ಮೆಟ್ಟಿಲು ಹತ್ತುವಾಗ ಪುದೀನ ವಾಸನೆ. ಯಾರದೋ ಅಡುಗೆ ಅಂದುಕೊಂಡೆ. ಅಡುಗೆಯದಲ್ಲ, ಹಸಿ ಎಲೆ ಚಿವುಟಿದ ವಾಸನೆ. ಮುಂದಿನ ಕೋಣೆಯ ಬಾಗಿಲ ಹತ್ತಿರ ಗಾಢ.

ಬೀಗ ತೆಗೆದೆ. ಬ್ಯಾನರ್ ಗಂಟು. ಹಲಗೆ. ಧೂಳು. ಕಿಟಕಿ ಮುಚ್ಚಿಯೇ ಇತ್ತು. ಕಿಟಕಿಯ ಕಟ್ಟೆಯ ಮೇಲೆ ಮಾತ್ರ ಧೂಳಿಲ್ಲದ ಒಂದು ಗುಂಡನೆ ಜಾಗ. ಡಬ್ಬಿಯ ತಳದಷ್ಟು.

೧೪ ಫೆಬ್ರವರಿ

ವಿಜಯಶ್ರೀ ಮೆಟ್ಟಿಲಲ್ಲಿ ಹಿಡಿದರು.

"ಏನ್ರಿ ಶಿವದೇವಿಯವರ, ಮುಂದಿನ ಕೋಣ್ಯಾಗ ಯಾರನ್ನರೆ ಇಟ್ಟೀರೇನು?"

"ಇಲ್ರಿ. ಯಾಕ?"

"ನಸುಕಿನ್ಯಾಗ ನೀರಿನ ಸಪ್ಪಳ. ಕೈ, ಬಾಯಿ, ಕಾಲು ತೊಳೆದಂಗ. ಎಣಿಸಿ ಮೂರು ಮೂರು ಸಲ. ನೀವಲ್ಲ ಬಿಡ್ರಿ, ನೀವು ಎದ್ರ ಬಕೆಟ್ ಒದ್ದೇ ಏಳ್ತೀರಿ."

"ಯಾವಾಗಿಂದ ಕೇಳಾಕತ್ತೀರಿ? ಈ ವಾರದಿಂದೇನು?"

"ಎಲ್ಲೀ ವಾರ? ದಸರಾ ಮುಂಚಿಂದ ಕೇಳಾಕತ್ತೀನಿ. ಹೇಳಬೇಕೋ ಬ್ಯಾಡೋ ಅಂತ ಸುಮ್ಮನಿದ್ದೆ."

ದಸರಾ ಮುಂಚೆ. ಸೆಪ್ಟೆಂಬರ್.

ಆಗ ಸಾಬೇರಾ ಅನ್ನುವ ಹೆಸರೇ ನನಗೆ ಗೊತ್ತಿರಲಿಲ್ಲ. ಆ ತಿಂಗಳನ್ನು ಆರಿಸಿದ್ದು ನಾನು. ಜನವರಿಯಲ್ಲಿ. ಆಫೀಸಿನ ಮೇಜಿನ ಮೇಲೆ.

೨೦ ಫೆಬ್ರವರಿ, ಗುರುವಾರ

ಕೋಣೆಯ ನೆಲ ಒದ್ದೆ. ಪಶ್ಚಿಮದ ಗೋಡೆಯ ಹತ್ತಿರ. ನಲ್ಲಿ ಇಲ್ಲದ ಕೋಣೆ. ಸೂರು ನೋಡಿದೆ, ಒಣಗಿದೆ. ಬಗ್ಗಿ ನೋಡಿದೆ. ಎರಡು ಪಾದ. ಅದರ ಮುಂದೆ ಎರಡು ಮೊಣಕಾಲಿನ ಗುರುತು. ಎರಡು ಅಂಗೈ. ಅಂಗೈಗಳ ನಡುವೆ ಹಣೆಯಷ್ಟು ತೇವ, ನಮಾಜಿಗೆ ಬಾಗಿದಂತೆ.

ಭಯವಾಯಿತಾ? ಆಯಿತು. ಸುಳ್ಳು ಯಾಕೆ. ಆದರೆ ಭಯದ ಹಿಂದೆ ಇನ್ನೊಂದು ಇತ್ತು, ನಾಚಿಕೆ. ಕೊಡದ ಕೋಣೆಯಲ್ಲಿ ಅವಳು ಇದ್ದಾಳೆ. ಕೇಳಿ ಬಂದಾಗ ಬಾಗಿಲು ಹಾಕಿದೆ. ಕೇಳದೆ ಬಂದಿದ್ದಾಳೆ.

ಬಾಗಿಲು ಹಾಕುವಾಗ ನೋಡಿದೆ. ಹೊಸ್ತಿಲ ಎಡಕ್ಕೆ ಧೂಳಿನಲ್ಲಿ ಚಪ್ಪಲಿಯ ಅಚ್ಚು. ಜೋಡಿಯಾಗಿ.

೨೪ ಫೆಬ್ರವರಿ, ಸೋಮವಾರ

ಸಾಬೇರಾಳ ವಾಯ್ಸ್ ಮೆಸೇಜು. ನಗುತ್ತಾ ಬೈಯುತ್ತಿದ್ದಾಳೆ.

"ಅಕ್ಕಾರ, ಏನು ಹಾಳಿ ಬರ್ದೀರಿ! ಕಿಬ್ಲಾ ಪಶ್ಚಿಮ ಅಂತ ನಂಬಿ ಮೂರು ವಾರ ಅಮೆರಿಕಾಕ್ಕ ಮುಖ ಮಾಡಿ ನಮಾಜ್ ಮಾಡೀನಿ! ಇಲ್ಲಿ ಮಲಪ್ಪುರಂನ ಸಿಸ್ಟರ್ ನೋಡಿ ಹೊಟ್ಟಿ ಹಿಡ್ಕೊಂಡು ನಕ್ಕಳು. ಇಲ್ಲಿಂದ ಮೂಡಣಕ್ಕ ರಿ, ಮೂಡಣಕ್ಕ!"

ನಮ್ಮ ಕಡೆ ಸಣ್ಣ ಮಗುವೂ ಹೇಳುತ್ತದೆ, ಮಸೀದಿಯ ಮುಖ ಪಡುವಣಕ್ಕೆ. ಚಿತ್ತಾಪುರದಲ್ಲೂ ಹಾಗೇ, ಇಲ್ಲೂ ಹಾಗೇ. ಗಲ್ಫಿನ ಹಾಳೆಗಳಿಗೂ ನಡೆಯಿತು. ಮೆಕ್ಕಾ ದಾಟಿ ಆಚೆ ಹೋದವರಿಗೆ ದಿಕ್ಕು ತಿರುಗುತ್ತದೆ ಎಂದು ಹೊಳೆಯಲೇ ಇಲ್ಲ. ಪ್ರಾಣೇಶ ಓದಿದ್ದರು, ಸಾಬೇರಾಳೂ ಓದಿದ್ದಳು. ಊರನ್ನು ತಲೆಯಲ್ಲಿ ಹೊತ್ತುಕೊಂಡೇ ಓದಿದೆವು ಎಲ್ಲರೂ.

ತಿದ್ದಿದೆ. ಹಳೇ ಹಾಳೆ ಒಯ್ದವರಿಗೆಲ್ಲ ಮೆಸೇಜು ಹಾಕಿದೆ. ಸಾಬೇರಾಳಿಗೆ ಬರೆದೆ: ತಪ್ಪಾಯಿತು ತಂಗಿ, ಇವತ್ತಿನಿಂದ ಮೂಡಣಕ್ಕೆ.

೨೫ ಫೆಬ್ರವರಿ. ಬೆಳಿಗ್ಗೆ ಏಳು

ಪಶ್ಚಿಮದ ಗೋಡೆಯ ಹತ್ತಿರ ನೆಲ ಒಣಗಿದೆ.

ತೇವ ಈಗ ಮೂಡಣದ ಗೋಡೆಯ ಹತ್ತಿರ. ಅದೇ ಪಾದ. ಅದೇ ಹಣೆ. ಆ ಗೋಡೆಯ ಈಚೆ ನನ್ನ ಅಲಮಾರಿ. ಸೀರೆಗಳ ಹಿಂದೆ ಫೋಟೋ.

ತೆಗೆದು ನೋಡಿದೆ. ಗಾಜಿನ ಮೇಲೆ ಉಸಿರು ಕಟ್ಟಿದಂತೆ ಮಂಜು.

ಹೊರಗೇ ಇಟ್ಟೆ. ಮೇಜಿನ ಮೇಲೆ.

೯ ಮಾರ್ಚ್, ಭಾನುವಾರ

ಎರಡು ವಾರ ಬರೆಯಲಿಲ್ಲ. ಬರೆದರೆ ಏನು ಹುಟ್ಟುತ್ತದೋ ಎಂಬ ಹೆದರಿಕೆ.

ಸಾಬೇರಾ ಕರೆ ಮಾಡಿದಳು. ರಂಜಾನ್, ದನಿ ಒಣಗಿತ್ತು. ಕೋಣೆಯೊಂದು ಸಿಕ್ಕಿದೆ, ಒಂಬೈನೂರು ಯೂರೋ. ಸರದಿಯಲ್ಲಿ ಇನ್ನೂ ಐದು ಜನ. ಬಾಡಿಗೆ ಏಜೆಂಟನಿಗೆ ನನ್ನ ಪತ್ರ ಹಿಡಿಸಿದೆ.

"ಪುದೀನ ಓದಿ ನಕ್ಕ ಅಕ್ಕಾರ. ಆದ್ರ ಒಂದು ಮಾತು ಅದ. ಮಂಗಳವಾರ ಇಂಡಿಯಾ ಟೈಮ್ ಮೂರೂವರಿಗಿ ಕಟ್ಟಡದ ಮಾಲೀಕರಿಗಿ ಫೋನ್ ಹಚ್ತಾನಂತ. ಇಕಿ ಅಲ್ಲಿ ಇದ್ಲೇನು ಅಂತ ಕೇಳ್ತಾನಂತ."

ನಾನು ಆ ಕಾಲಂನಲ್ಲಿ ಬರೆದದ್ದು ರವಿಶಂಕರ್ ನಂಬರು.

"ಹದಿನಾರಕ್ಕ ಇಲ್ಲಿ ಖಾಲಿ ಮಾಡ್ಬೇಕ್ರಿ. ಈ ಕೋಣಿ ತಪ್ಪಿದ್ರ ರಸ್ತೇನೇ. ಅವರು ಇಲ್ಲ ಅಂದ್ರ, ನಾ ಸುಳ್ಳು ಪತ್ರ ಕೊಟ್ಟವಳು ಆಗ್ತೀನಿ. ಕೆಲಸಕ್ಕೂ ಕುತ್ತು."

"ನೋಡ್..." ಅಂದೆ. ನಾಲಿಗೆ ಕಚ್ಚಿಕೊಂಡೆ. "ಮಾತಾಡ್ತೀನಿ" ಅಂದೆ.

೧೧ ಮಾರ್ಚ್, ಮಂಗಳವಾರ. ಮಧ್ಯಾಹ್ನ ಮೂರು

ಆಫೀಸಿಗೆ ಹೋಗಲಿಲ್ಲ. ಕೆಳಗೆ ಹೋಗಬೇಕು. ಎರಡು ದಾರಿ. ಗೊತ್ತಿಲ್ಲದಂತೆ ಇರುವುದು: ಅವರು ಇಲ್ಲ ಅನ್ನುತ್ತಾರೆ, ನನ್ನ ಮನೆ ಉಳಿಯುತ್ತದೆ. ಇಲ್ಲವೇ ಕೆಳಗೆ ಹೋಗಿ, ಹೌದು, ಇದ್ದಾಳೆ ಅನ್ನುವುದು. ಇನ್ನೂ ಕೂತಿದ್ದೇನೆ. ಗೋಡೆಯಾಚೆ ನೀರು ಸುರಿಯುವ ಸಪ್ಪಳ. ಮೂರು ಸಲ.

ಸಂಜೆ ಆರು

ನಾನು ಇಳಿಯುವ ಮೊದಲೇ, ಆ ನೀರಿನ ಸಪ್ಪಳ ಕೇಳಿ, ರವಿಶಂಕರ್ ಹತ್ತಿ ಬಂದರು. ಕೈಯಲ್ಲಿ ಫೋನು, ಹಿಂದೆ ವಿಜಯಶ್ರೀ.

"ಶಿವದೇವಿಯವರ, ಮುಂದಿನ ಕೋಣ್ಯಾಗ ಯಾರಿದ್ದಾರ?"

ಬಾಗಿಲಿಗೆ ಬೀಗ ಇತ್ತು. ತೆಗೆದು ತೋರಿಸಿ, ಯಾರೂ ಇಲ್ಲ ಅನ್ನಬಹುದಿತ್ತು. ಅದು ನಿಜವೂ ಆಗುತ್ತಿತ್ತು.

"ಇದ್ದಾಳ್ರಿ. ಸೆಪ್ಟೆಂಬರ್‌ದಿಂದ."

"ಹೆಸರು?"

"ಸಾಬೇರಾ."

ಅವರ ಕಣ್ಣು ನನ್ನ ಹಿಂದೆ ಮೇಜಿಗೆ ಹೋಯಿತು. ಫೋಟೋ ನೋಡಿದರು. ಮತ್ತೆ ನನ್ನನ್ನು.

"ನೀವು... ನಮ್ಮವರಲ್ಲೇನು?"

"ಅಲ್ರಿ. ಹೊಲೆಯರಾಕಿ. ಅವತ್ತು ಹೂಂ ಅಂದೆ. ಸುಳ್ಳು ಹೇಳಿದೆ."

ವಿಜಯಶ್ರೀ ಸೆರಗು ಬಾಯಿಗೆ ಹಿಡಿದರು. ಮೂರು ವರ್ಷ ಒಂದೇ ಬಟ್ಟಲಲ್ಲಿ ಸಕ್ಕರೆ ಕೊಟ್ಟು ತೆಗೆದುಕೊಂಡಿದ್ದೇವೆ. ಎಣಿಸುತ್ತಿದ್ದರೇನೋ.

"ನಿಮ್ಮನ್ನ ಮನಿ ಮಗಳಂಗ..." ಅಂದರು ರವಿಶಂಕರ್. ಅವರಿಗೆ ನಿಜಕ್ಕೂ ನೋವಾಗಿತ್ತು. ಅದೇ ದೊಡ್ಡ ಅಸಹ್ಯ.

ಆಗ ಅವರ ಕೈಯಲ್ಲಿನ ಫೋನು ರಿಂಗಾಯಿತು. ಮೂರೂವರೆ.

ಇಂಗ್ಲಿಷಿನಲ್ಲಿ ಕೂಗಿದರು. ಸಿಟ್ಟಿಗೆ ತಡೆಯಿರಲಿಲ್ಲ. ಹೌದು, ಇದ್ದಾಳೆ! ಸೆಪ್ಟೆಂಬರಿನಿಂದ ಇದ್ದಾಳೆ, ನನ್ನ ಹೆಂಡತಿ ದಿನಾ ಕೇಳಿದ್ದಾಳೆ! ಗಲಾಟೆ? ಗಲಾಟೆ ಇಲ್ಲ, ನೀರಿನ ಸಪ್ಪಳ ಅಷ್ಟೇ. ಬಾಡಿಗೆ? ಬಾಡಿಗೆ ಒಂದು ತಿಂಗಳೂ ತಪ್ಪಿಲ್ಲ, ಪ್ರಶ್ನೆ ಅದಲ್ಲ! ಪ್ರಶ್ನೆ ಏನು ಅಂದರೆ... ಆ ಕಡೆಯವನು ಥ್ಯಾಂಕ್ಯೂ ಅಂದು ಇಟ್ಟುಬಿಟ್ಟ.

ರವಿಶಂಕರ್ ಫೋನನ್ನೇ ನೋಡುತ್ತ ನಿಂತರು.

"ಯಾರಿದು?"

"ಅಕಿಗಿ ಮನಿ ಕೊಡೋವ್ರು" ಅಂದೆ.

ನನಗೆ ಮನೆ ಬಿಡಲು ಈ ತಿಂಗಳ ಕೊನೆಯವರೆಗೆ ಗಡುವು.

೧೩ ಮಾರ್ಚ್

ಕೋಣೆ ಸಿಕ್ಕಿತು ಸಾಬೇರಾಳಿಗೆ, ನಿನ್ನೆಯೇ ಹೋಗಿ ಸೇರಿದ್ದಾಳೆ! ಅಳುತ್ತಾ ನಗುತ್ತಾ ಮಾತಾಡಿದಳು. ನನ್ನ ಗಡುವಿನ ಮಾತು ಹೇಳಲಿಲ್ಲ. ಕೊನೆಗೆ ದನಿ ಇಳಿಸಿದಳು.

"ಅಕ್ಕಾರ, ಈ ಕೋಣ್ಯಾಗ ಒಂದು ಸಪ್ಪಳ ಬರ್ತದ. ಗ್ವಾಡಿ ಆಚಿಗಿ. ಮಧ್ಯಾಹ್ನದಾಗ. ಯಾರೋ ಹಲಗಿ ಬಡಿದಂಗ. ಮೊದಲ ಮೆಲ್ಲಕ, ಆಮ್ಯಾಲ ಜೋರ. ಆಚಿಗಿ ಯಾರೂ ಇಲ್ರಿ, ಬರೇ ರಸ್ತೆ."

ಮುಂದಿನ ಕೋಣೆಗೆ ಹೋಗಿ ಹಲಗೆ ಮುಟ್ಟಿದೆ. ಚರ್ಮ ಬಿಸಿಯಾಗಿತ್ತು. ಬೆಂಕಿಗೆ ಹಿಡಿದು ಕಾಸಿದಂತೆ ಬಿಗಿದಿತ್ತು.

೨೨ ಮಾರ್ಚ್

ಮನೆ ಹುಡುಕಾಟ. ಬ್ರೋಕರ್ ಮಲ್ಲಣ್ಣ ಕುಷಾಯಿಗೂಡವೆಲ್ಲ ತಿರುಗಿಸಿದ. ಈ ಸಲ ಹೆಸರಿನ ಜೊತೆ ಕೇರಿಯನ್ನೂ ಹೇಳುತ್ತಿದ್ದೇನೆ. "ಕೇಳದೆ ಯಾಕ ಹೇಳ್ತೀರಿ ಅಮ್ಮ, ನನ್ನ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ" ಅಂತಾನೆ. ಒಂಬತ್ತು ಮನೆ. ಫೋನಿನಲ್ಲಿ ಖಾಲಿ. ಹೇಳಿದ ಕೂಡಲೇ ತುಂಬುತ್ತವೆ.

ಒಬ್ಬರು ಕೇಳಿದರು, ಹಿಂದಿನ ಮಾಲೀಕರ ಪತ್ರ ಇದೆಯಾ?

ನಗು ಬಂತು. ಬೀದಿಯಲ್ಲೇ ನಿಂತು ನಕ್ಕೆ.

೩೦ ಮಾರ್ಚ್, ಭಾನುವಾರ. ಸಂಜೆ ಆರೂವರೆ

ಮಸೀದಿಯ ಉಪವಾಸ ಬಿಡುವ ಸೈರನ್ ಆಯಿತು. ಕೊನೆಯ ರೋಜಾ ಇರಬಹುದು. ನಾಳೆ ಹಬ್ಬ, ನಾಳೆಯೇ ನಾನು ಖಾಲಿ ಮಾಡಬೇಕು. ಎಲ್ಲಿಗೆ ಅಂತ ಇನ್ನೂ ಗೊತ್ತಿಲ್ಲ.

ಒಳಗಿನ ಕೋಣೆ ಖಾಲಿ. ಪುಸ್ತಕ ಕಟ್ಟಿದ್ದಾಯಿತು. ಬಾಬಾಸಾಹೇಬರು ಚೀಲದಲ್ಲಿ, ಈ ಸಲ ಮುಖ ಹೊರಗೆ. ಉಳಿದದ್ದು ಮುಂದಿನ ಕೋಣೆ, ಬ್ಯಾನರು, ಹಲಗೆ.

ಬಾಗಿಲು ತೆರೆಯುತ್ತಿಲ್ಲ. ಬೀಗ ತೆಗೆದೆ. ದೂಡಿದೆ. ಒಳಗಿನಿಂದ ಚಿಲಕ ಹಾಕಿದೆ. ಹೊಸ್ತಿಲ ಎಡಕ್ಕೆ ಒಂದು ಜೋಡಿ ಚಪ್ಪಲಿ. ಅಚ್ಚಲ್ಲ, ಚಪ್ಪಲಿ. ಅದರ ಪಕ್ಕ ಇನ್ನೊಂದು ಜೋಡಿ ಇಡುವಷ್ಟು ಜಾಗ ಗುಡಿಸಿದೆ.

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲ ಸಂದಿಯಿಂದ ಪುದೀನ ವಾಸನೆ. ಬೆಳಕು. ತಟ್ಟೆಯ ಸಪ್ಪಳ, ಎರಡು ತಟ್ಟೆ. ಮೆಲ್ಲಗೆ ತಟ್ಟಿದೆ.

ಒಳಗಿನಿಂದ ಕೇಳಿತು. ಹೆಣ್ಣು ದನಿ, ಶಹಾಬಾದಿನ ಮಾತು:

"ಯಾರ್ರೀ ಹೊರಗ? ನಮ್ಮವರೇನು?"

ಚಪ್ಪಲಿ ಬಿಟ್ಟೆ. ಈ ಸಲ ಸುಳ್ಳಲ್ಲ. "ಹೂಂ ರಿ" ಅಂದೆ.